ಅವ್ವನ ಹಾಡಿನ ವಹಿ

ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಕ್ರೈಸ್ತ ಸಭೆಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ, ಮಣ್ಣು ಮಾಡುವ ಮೊದಲು ಅಥವಾ ಕೆಲವು ದಿನಗಳ ನಂತರ ಸೇರುವ ಸ್ಮರಣೆಯ ಕೂಟದಲ್ಲಿ, ಅವರ ಬದುಕಿನ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಓದುವ ರೂಢಿಯಿದೆ. ಸಭೆ ಎಂದರೆ ಇಲ್ಲಿ ಭಾಷಣ ಕೇಳಲು ನೆರೆದ ಜನವಲ್ಲ. ಒಂದೇ ಚರ್ಚಿಗೆ ನಡೆದುಕೊಳ್ಳುವ, ಮದುವೆಗೂ ಸಾವಿಗೂ ಒಬ್ಬರಿಗೊಬ್ಬರು ಆಗುವ ಮನೆತನಗಳ ಗುಂಪು. ಓದುವ ಹಾಳೆಯಲ್ಲಿ ತವರೂರು, ಮದುವೆಯಾದ ವರ್ಷ, ಗಂಡನ ಉದ್ಯೋಗ, ಮಕ್ಕಳು ಮೊಮ್ಮಕ್ಕಳ ಸಂಖ್ಯೆ, ಕಾಯಿಲೆ, ಕೊನೆಯ ದಿನಗಳು ಇಷ್ಟೂ ಕ್ರಮವಾಗಿ ಬರುತ್ತವೆ. ತೀರಿಕೊಂಡವಳು ತಾಯಿಯಾಗಿದ್ದರೆ ಕಡೆಯಲ್ಲಿ 'ಪ್ರಾರ್ಥನಾಶೀಲೆ' ಎಂಬ ಮಾತೂ, 'ಚೆನ್ನಾಗಿ ಹಾಡುತ್ತಿದ್ದರು' ಎಂಬ ಮಾತೂ ಸೇರುತ್ತವೆ. ಗಂಡನ ಉದ್ಯೋಗಕ್ಕೆ ಮೂರು ಸಾಲು ಕೊಡುವ ಈ ಹಾಳೆ, ಐವತ್ತು ವರ್ಷ ಊರ ಸಭೆಗೆ ಹಾಡು ಎತ್ತಿಕೊಟ್ಟವಳ ಆ ಕೆಲಸಕ್ಕೆ ಎರಡು ಪದ ಮಾತ್ರ ಕೊಡುತ್ತದೆ. ಹೀಗಾಗುವುದಕ್ಕೆ ಬರೆಯುವವರ ಅನಾದರವೇನೂ ಕಾರಣವಲ್ಲ. ಹಾಡುವುದು ಅಡುಗೆಯ ಹಾಗೆ ಅವ್ವ ಮಾಡಿಯೇ ಮಾಡುವ ಕೆಲಸವೆಂದು ಎಲ್ಲರೂ ತಿಳಿದಿರುವುದರಿಂದ ಅದನ್ನು ಬರೆಯಬೇಕೆಂದು ಯಾರಿಗೂ ತೋಚುವುದಿಲ್ಲ.

ಈ ತಾಯಂದಿರು ಸೇರಿದ ಸಭೆಗಳಲ್ಲಿ ಬಹುಪಾಲು ಮೆಥೋಡಿಸ್ಟ್ ಪಂಗಡದವು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಮತ್ತು ಅವನ ತಮ್ಮ ಚಾರ್ಲ್ಸ್ ವೆಸ್ಲಿ ಆರಂಭಿಸಿದ ಭಕ್ತಿಯ ಚಳವಳಿಯಿಂದ ಹುಟ್ಟಿದ ಈ ಪಂಗಡ ಅಮೆರಿಕೆಯ ಮಾರ್ಗವಾಗಿ ಈ ಸೀಮೆಗೆ ಬಂತು. ಅಮೆರಿಕದ ಪ್ರಚಾರಕ ವಿಲಿಯಂ ಟೇಲರ್ 1870ರ ದಶಕದ ಆರಂಭದಲ್ಲಿ ಮುಂಬೈಯಲ್ಲಿ ಕೂಟಗಳನ್ನು ನಡೆಸಿದ ಮೇಲೆ, ಮುಂಬೈಯನ್ನೂ ಮದರಾಸನ್ನೂ ಜೋಡಿಸಿದ ರೈಲುದಾರಿಯ ಊರುಗಳಲ್ಲಿ, ರೈಲ್ವೆ ನೌಕರರ ನಡುವೆ, ಮೆಥೋಡಿಸ್ಟ್ ಸಭೆಗಳು ಕಾಣಿಸಿಕೊಂಡವು. ಆ ದಾರಿಯ ಮೇಲೆಯೇ ಇದ್ದ ಕಲಬುರಗಿ ಮತ್ತು ಅದರ ಉತ್ತರದ ಬೀದರ, ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಾಗಿದ್ದವು. ನಗರದ ನೌಕರರಿಂದ ಹಳ್ಳಿಯ ದಲಿತ ಕೇರಿಗಳಿಗೆ ಚರ್ಚು ಹೊರಳಿದ ನಂತರವೇ ಅದಕ್ಕೆ ಈ ನೆಲದ ಮಾತು, ಈ ನೆಲದ ಹಾಡು ದಕ್ಕಿದ್ದು. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಅಮೆರಿಕನ್ ಮೆಥೋಡಿಸ್ಟರು ಅದರಲ್ಲಿ ಸೇರಲಿಲ್ಲ. 1981ರಲ್ಲಿ ಅವರು ಭಾರತದ ಮೆಥೋಡಿಸ್ಟ್ ಚರ್ಚ್ ಎಂಬ ಸ್ವಾಯತ್ತ ಸಂಸ್ಥೆಯಾದರು. ಹೀಗಾಗಿ ಧಾರವಾಡದ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಸಭೆಗಳಿಗೂ ಭೀಮಾ ನದಿ ತೀರದ ಈ ಸಭೆಗಳಿಗೂ ಬೈಬಲ್ಲು ಒಂದೇ ಆದರೂ ಹಾಡುವ ಬಗೆ ಬೇರೆಯಾಗಿ ಬೆಳೆಯಿತು.

ಹಾಡುಗಾರ್ತಿ ತಾಯಿಯ ಬದುಕನ್ನು ತಿಳಿಯಬೇಕೆನ್ನುವವರು ಸ್ಮರಣೆಯ ಹಾಳೆಗಿಂತ ಮೊದಲು ಅವಳ ಹಾಡಿನ ವಹಿಯನ್ನು ನೋಡಬೇಕು. ವಹಿ ಎಂದರೆ ಈ ಭಾಗದಲ್ಲಿ ಬರೆಯುವ ಪುಸ್ತಕ. ಅಂಗಡಿಯ ಲೆಕ್ಕದ ಪುಸ್ತಕವೂ ವಹಿಯೇ, ಶಾಲೆಯ ನೋಟ್‌ಬುಕ್ಕೂ ವಹಿಯೇ. ನೂರು ಪುಟದ, ಉದ್ದ ಗೆರೆಯ ಇಂಥ ವಹಿಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಹೊದಿಸಿ, ಬೆನ್ನನ್ನು ಚೀಲ ಹೊಲಿಯುವ ದಾರದಿಂದ ಮತ್ತೆ ಹೊಲಿದಿರುತ್ತಾರೆ. ಒಳಗೆ ಪಲ್ಲವಿಯ ಮುಂದೆ 'ಪ' ಎಂಬ ಅಕ್ಷರ, ಚರಣಗಳ ಮುಂದೆ ಅಂಕಿ, ಮೇಲಂಚಿನಲ್ಲಿ ಧಾಟಿಯ ಸೂಚನೆ ಇರುತ್ತವೆ. ಸೂಚನೆಯೆಂದರೆ ರಾಗತಾಳಗಳ ಹೆಸರಲ್ಲ, ಊರವರೆಲ್ಲ ಬಲ್ಲ ಯಾವುದೋ ಭಜನೆಯ ಅಥವಾ ಸಿನಿಮಾ ಹಾಡಿನ ಮೊದಲ ಎರಡು ಪದ. ಕೈಬರಹ ಒಬ್ಬರದಲ್ಲ. ಏಳನೆಯ ತರಗತಿಯ ಮಗಳ ದುಂಡಗಿನ ಅಕ್ಷರ, ಪಾಸ್ಟರರ ಹೆಂಡತಿಯ ಓರೆ ಅಕ್ಷರ, ಒತ್ತಕ್ಷರಗಳನ್ನೆಲ್ಲ ನುಂಗಿ ಬರೆದ ಮೊಮ್ಮಗನ ಅಕ್ಷರ ಒಂದರ ಹಿಂದೊಂದು ಬರುತ್ತವೆ, ಏಕೆಂದರೆ ಎಷ್ಟೋ ವೇಳೆ ವಹಿಯ ಒಡತಿಗೆ ಓದುಬರಹ ಬಾರದು. 2011ರ ಜನಗಣತಿಯಲ್ಲಿಯೂ ಕಲಬುರಗಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 55ರ ಆಸುಪಾಸಿನಲ್ಲಿತ್ತೆಂದರೆ, ಅದಕ್ಕೂ ಎರಡು ತಲೆಮಾರು ಹಿಂದಿನವರ ಸ್ಥಿತಿಯನ್ನು ಊಹಿಸಬಹುದು. ಓದಲು ಬಾರದವಳಿಗೆ ವಹಿ ಏತಕ್ಕೆಂದು ಕೇಳುವವರಿಗೆ ಆ ವಹಿಯ ಬಳಕೆಯೇ ಉತ್ತರ ಕೊಡುತ್ತದೆ: ಅರಿಸಿನದ ಕಲೆ ಇರುವ ಪುಟ ಯಾವ ಹಾಡಿನದು, ಮೂಲೆ ಮಡಿಸಿದ್ದು ಯಾವುದರದು ಎಂಬುದು ಅವಳಿಗೆ ಗೊತ್ತು, ಪುಟ ತೆಗೆದು ಮಗುವಿನ ಕೈಗೆ ಕೊಟ್ಟರೆ ಮಗು ಚರಣದ ಮೊದಲ ಪದವನ್ನು ಓದುತ್ತದೆ, ಮುಂದಿನದು ಅವಳ ಬಾಯಲ್ಲಿ ತಾನಾಗಿ ಬರುತ್ತದೆ.

ಇಂಥ ವಹಿಗಳ ಇನ್ನೊಂದು ವಿಶೇಷವೆಂದರೆ ಕನ್ನಡ ಲಿಪಿಯಲ್ಲಿರುವ ತೆಲುಗು ಮತ್ತು ಮರಾಠಿ ಹಾಡುಗಳು. ತೆಲಂಗಾಣದ ವಿಕಾರಾಬಾದ್, ಜಹೀರಾಬಾದ್ ಕಡೆಯ ಸಂಬಂಧಗಳಿಂದ ಸೊಸೆಯರೊಂದಿಗೆ ತೆಲುಗು ಕೀರ್ತನೆಗಳು ಬಂದವು. ಪುರುಷೋತ್ತಮ ಚೌಧರಿ (1803–1890) ಮೊದಲಾದವರಿಂದ ಬೆಳೆದ ತೆಲುಗು ಕ್ರೈಸ್ತ ಕೀರ್ತನೆಯ ಪರಂಪರೆ ಆ ಹೊತ್ತಿಗೆ ಸಾಕಷ್ಟು ಹಳೆಯದಾಗಿತ್ತು. ಅಫಜಲಪುರ ಮತ್ತು ಆಳಂದದ ಇನ್ನೊಂದು ಮಗ್ಗುಲಿಗೆ ಸೋಲಾಪುರವಿದೆ, ಅಲ್ಲಿಂದ ಮರಾಠಿ ಭಜನೆಗಳು ಬಂದವು. ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದ ಮೇಲೆ ಅಭಂಗ ಮತ್ತು ಕೀರ್ತನದ ರೂಪಗಳನ್ನೇ ಬಳಸಿ ಕ್ರಿಸ್ತಭಕ್ತಿಯನ್ನು ಹಾಡಿದರೆ, ಗಂಡನ ಕೆಲವು ವರ್ಷ ನಂತರ ಅದೇ ದಾರಿ ಹಿಡಿದ ಅವರ ಪತ್ನಿ ಲಕ್ಷ್ಮೀಬಾಯಿ, ಆತ ಬಿಟ್ಟುಹೋದ 'ಕ್ರಿಸ್ತಾಯನ' ಕಾವ್ಯವನ್ನು ಮುಂದುವರಿಸಿದ್ದಲ್ಲದೆ 'ಸ್ಮೃತಿಚಿತ್ರೆ' ಎಂಬ ಆತ್ಮಕಥೆಯನ್ನೂ ಬರೆದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸೊಬ್ಬಳು ತನ್ನ ಬದುಕನ್ನು ತಾನೇ ಬರೆದುಕೊಂಡ ಆ ಉದಾಹರಣೆ ಈ ಸೀಮೆಯಲ್ಲಿ ಮರುಕಳಿಸಲಿಲ್ಲ. ಇಲ್ಲಿಯವರು ಬಿಟ್ಟಿದ್ದು ವಹಿಯನ್ನು ಮಾತ್ರ.

ಭಕ್ತಳಾದ ತಾಯಿ ಮತ್ತು ಹಾಡು, ಈ ಎರಡರ ನಂಟು ಮೆಥೋಡಿಸ್ಟರಿಗೆ ಮೂಲದಿಂದಲೇ ಬಂದದ್ದು. ವೆಸ್ಲಿ ಸೋದರರ ತಾಯಿ ಸುಸನ್ನಾ ವೆಸ್ಲಿ (1669–1742) 19 ಮಕ್ಕಳನ್ನು ಹೆತ್ತು ಅವರಲ್ಲಿ ಹಲವರನ್ನು ಎಳೆತನದಲ್ಲೇ ಕಳೆದುಕೊಂಡವಳು; ಉಳಿದವರಿಗೆ ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಂಜೆಯನ್ನು ಮೀಸಲಿಟ್ಟು ಪಾಠ ಹೇಳುತ್ತಿದ್ದಳು, ಜಾನನಿಗೆ ಗುರುವಾರ, ಚಾರ್ಲ್ಸನಿಗೆ ಶನಿವಾರ. ಪಾದ್ರಿಯಾಗಿದ್ದ ಗಂಡ 1711–12ರ ಚಳಿಗಾಲದಲ್ಲಿ ಲಂಡನ್ನಿಗೆ ಹೋಗಿದ್ದಾಗ, ಮನೆಯಲ್ಲಿ ಮಕ್ಕಳಿಗಾಗಿ ನಡೆಸುತ್ತಿದ್ದ ಭಾನುವಾರದ ಪ್ರಾರ್ಥನೆಗೆ ನೆರೆಹೊರೆಯವರೂ ಬರತೊಡಗಿ, ಸಂಖ್ಯೆ 200ರವರೆಗೆ ಏರಿತು; ಸಹಾಯಕ ಪಾದ್ರಿ ದೂರು ಕೊಟ್ಟ, ಗಂಡ ನಿಲ್ಲಿಸೆಂದು ಬರೆದ, ಅವಳು ನಿಲ್ಲಿಸಲಿಲ್ಲ. ಚಾರ್ಲ್ಸ್ ಮುಂದೆ 6,000ಕ್ಕೂ ಹೆಚ್ಚು ಸ್ತುತಿಗೀತೆಗಳನ್ನು ಬರೆದ. ಹಾಡಿನ ಪುಸ್ತಕಗಳಲ್ಲಿ ಅಚ್ಚಾಗಿರುವುದು ಅವನ ಹೆಸರು.

ಸುವಾರ್ತೆಯ ಹಾಡು ಎಂದು ಕನ್ನಡದ ಸಭೆಗಳು ಕರೆಯುವ, ಗಾಸ್ಪೆಲ್ ಎಂದು ಈಗಿನ ಹುಡುಗರು ಹೇಳುವ ಪ್ರಕಾರ ಈ ಹಳೆಯ ಸ್ತುತಿಗೀತೆಗಿಂತ ತುಸು ಭಿನ್ನ. ಸ್ತುತಿಗೀತೆಯಲ್ಲಿ ದೇವರ ಮಹಿಮೆ ಮುಂದಿದ್ದರೆ ಇದರಲ್ಲಿ ಹಾಡುವವರ ಅನುಭವ ಮುಂದಿರುತ್ತದೆ, ಪಲ್ಲವಿ ಮತ್ತೆ ಮತ್ತೆ ಮರಳುತ್ತದೆ, ಕೇಳುವವರು ಅದನ್ನು ಒಂದೇ ಸಲಕ್ಕೆ ಹಿಡಿದು ಸೇರಿ ಹಾಡಬಹುದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಐರಾ ಸ್ಯಾಂಕಿಯ ಕೂಟಗಳಿಂದಲೂ, ಎಳೆಯ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದ ಫ್ಯಾನಿ ಕ್ರಾಸ್ಬಿಯ (1820–1915) ಸಾವಿರಾರು ರಚನೆಗಳಿಂದಲೂ ಹಬ್ಬಿದ ಈ ಬಗೆ, ಇಪ್ಪತ್ತನೆಯ ಶತಮಾನದಲ್ಲಿ ಕಪ್ಪು ಜನರ ಚರ್ಚುಗಳಲ್ಲಿ ಬೇರೆಯೇ ಕಸುವು ಪಡೆಯಿತು. ಆ ಪರಂಪರೆಯ ಮಹಾ ಗಾಯಕಿ ಮಹಲಿಯಾ ಜಾಕ್ಸನ್ (1911–1972) ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮ ದೊಡ್ಡಮ್ಮಂದಿರ ಕೈಯಲ್ಲಿ ಬೆಳೆದವಳು. ತನ್ನದು ಬ್ಯಾಪ್ಟಿಸ್ಟ್ ಸಭೆಯಾಗಿದ್ದರೂ ಹಾಡಿನ ಲಯವನ್ನು ಕಲಿತದ್ದು ಮನೆಯ ಪಕ್ಕದ ಇನ್ನೊಂದು ಚರ್ಚಿನಿಂದ ಎಂದು ಆಕೆ ಹೇಳಿಕೊಂಡಿದ್ದಾಳೆ, ಅಲ್ಲಿನವರು ಡೋಲು, ಖಂಜಿರದಂಥ ಟ್ಯಾಂಬೊರಿನ್ ಬಾರಿಸಿ, ಕಾಲು ಕುಟ್ಟಿ ಹಾಡುತ್ತಿದ್ದರು. ಪಕ್ಕದ ಮನೆಯ ಲಯ ತನ್ನ ಚರ್ಚಿನ ಹಾಡಿಗೆ ಇಳಿಯುವ ಈ ಸಂಗತಿಗಾಗಿ ಕಲಬುರಗಿ ಸೀಮೆಯವರು ಆಕೆಯ ಊರಾದ ನ್ಯೂ ಆರ್ಲಿಯನ್ಸಿನವರೆಗೆ ಹೋಗಬೇಕಾಗಿಲ್ಲ.

ಏಕೆಂದರೆ ಈ ಮೂರು ತಾಲ್ಲೂಕುಗಳಲ್ಲಿ ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬೀಳದೆ ಇರಲು ಸಾಧ್ಯವೇ ಇಲ್ಲ. ಜೇವರ್ಗಿ ತಾಲ್ಲೂಕಿನದಾಗಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು, ಅಂದರೆ ಗುರುಮಾರ್ಗದ ಅನುಭವವನ್ನು ಆಡುಮಾತಿನಲ್ಲಿ ಹೇಳುವ ಹಾಡುಗಳು, ಏಕತಾರಿ ಮತ್ತು ತಾಳದೊಂದಿಗೆ ಅಮಾವಾಸ್ಯೆಯ ರಾತ್ರಿಗಳಲ್ಲಿ ನಡೆಯುತ್ತವೆ; ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬನೂ ಇದ್ದ, ಖೈನೂರ ಕೃಷ್ಣಪ್ಪನೂ ಇದ್ದ. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಹಬ್ಬದ ಕುಣಿಯ ಸುತ್ತ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳು ಏಳುತ್ತವೆ. ಅಫಜಲಪುರದಿಂದ ದೂರವಲ್ಲದ ದೇವಲ ಗಾಣಗಾಪುರದಲ್ಲಿ, ಭೀಮಾ ಅಮರಜಾ ಸಂಗಮದ ಬಳಿ, ದತ್ತನ ಭಜನೆ ನಿಲ್ಲುವುದೇ ಇಲ್ಲ; ಘತ್ತರಗಿಯ ಭಾಗ್ಯವಂತಿಯ ಹಾದಿಯಲ್ಲಿ ಹೆಂಗಸರ ಗುಂಪುಗಳು ಹಾಡಿಕೊಂಡು ನಡೆಯುತ್ತವೆ; ಆಳಂದದ ಲಾಡ್ಲೆ ಮಶಾಯಕರ ದರ್ಗಾದ ಉರುಸಿನಲ್ಲಿ ಖವ್ವಾಲಿ. ಇವೆಲ್ಲಕ್ಕಿಂತ ಮೊದಲು ಮನೆಯೊಳಗೆ ಬೀಸುಕಲ್ಲಿನ ಪದ, ಸೋಬಾನ ಪದ, ಬುಲಾಯಿ ಪದ ಇದ್ದವು. ದೀಕ್ಷಾಸ್ನಾನ, ಎಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ, ದೇವರನ್ನು ಬದಲಿಸಿತು. ಜೋಳ ಬೀಸುವ ಕೈಯ ತಿರುವಿನೊಂದಿಗೆ ಕೂಡಿದ್ದ ಉಸಿರಿನ ಅಳತೆಯನ್ನು ಅದು ಬದಲಿಸಲಿಲ್ಲ. ಹಿಂದಿನ ತಾಯಂದಿರು ಹಾಡುವಾಗ ಮೂರನೆಯ ಸಾಲಿನ ಕಡೆಯಲ್ಲಿ ಸ್ವರವನ್ನು ಎಳೆದು ನಿಲ್ಲಿಸುವ ರೀತಿಯನ್ನು ಗಮನಿಸಿದವರಿಗೆ, ಯೇಸುವಿನ ಹೆಸರಿನ ಕೆಳಗೆ ಮೂರು ಸಾಲಿನ ತ್ರಿಪದಿಯ ನಡೆ ಕೇಳಿಸುವುದು ಸಹಜ.

ಆ ಹಾಡಿನ ಜೊತೆಗೆ ಹಾರ್ಮೋನಿಯಂ, ಡೋಲಕ್ಕು, ತಾಳ ಬಂದವು, ಹಲಗೆ ಬರಲಿಲ್ಲ. ಹಲಗೆ ಎಂದರೆ ಚರ್ಮ ಬಿಗಿದ ವಾದ್ಯ. ಸಾವಿಗೂ ಜಾತ್ರೆಗೂ ಡಂಗುರಕ್ಕೂ ಅದನ್ನು ಬಾರಿಸುವುದು ಮಾದಿಗ ಕೇರಿಯ ಮೇಲೆ ಹೇರಿದ ಬಿಟ್ಟಿಯಾಗಿತ್ತು, ಕ್ರೈಸ್ತರಾಗುವುದೆಂದರೆ ಆ ಬಿಟ್ಟಿಯನ್ನು ಬಿಡುವುದೂ ಆಗಿತ್ತು. ಹೀಗೆ ಅವಮಾನದ ಜೊತೆಗೆ ವಾದ್ಯವೂ ಹೊರಗುಳಿದದ್ದನ್ನು ಈಗಿನ ಸಂಶೋಧಕರು ನಷ್ಟವೆಂದು ಬರೆಯುವುದುಂಟು. ಸತ್ತ ದನದ ಲೆಕ್ಕ, ಬಾರಿಸುವ ಕರೆ ಇವೆರಡರಿಂದ ಬಿಡುಗಡೆ ಪಡೆದವರ ಮನೆಯ ಹೆಂಗಸರಿಗೆ ಅದು ನಷ್ಟವಾಗಿ ಕಂಡಿರಲಾರದು. ಆದರೂ ಡೋಲಕ್ಕು ಬಾರಿಸುವ ಹುಡುಗ ತಪ್ಪಿದಾಗ 'ಹಂಗಲ್ಲೋ, ಹಿಂಗ' ಎಂದು ತಾಯಿ ತೊಡೆಯ ಮೇಲೆ ತಟ್ಟಿ ತೋರಿಸುವ ಏಟು ಡೋಲಕ್ಕಿನದಲ್ಲ.

ಶ್ರುತಿಯ ವಿಷಯದಲ್ಲಿಯೂ ಒಂದು ಹಗ್ಗಜಗ್ಗಾಟ ಪ್ರತಿ ಭಾನುವಾರ ನಡೆಯುತ್ತದೆ. ಹಾರ್ಮೋನಿಯಂ ನುಡಿಸುವವರು ಸ್ವರಮನೆಗಳನ್ನು ಬಣ್ಣ ಮತ್ತು ಸಂಖ್ಯೆಯಿಂದ ಗುರುತಿಸುತ್ತಾರೆ, ಕರಿ ಒಂದು, ಬಿಳಿ ನಾಲ್ಕು ಎಂಬಂತೆ. ಗಂಡಸಿನ ದನಿಗೆ ಕರಿ ಒಂದು ಒಗ್ಗಿದರೆ ಹೆಣ್ಣಿನ ದನಿಗೆ ಕರಿ ನಾಲ್ಕೋ ಐದೋ ಬೇಕು. ಪೆಟ್ಟಿಗೆಯ ಮುಂದೆ ಕೂತವನು ಗಂಡಸಾದ್ದರಿಂದ ಮೊದಲ ಹಾಡು ಅವನ ಶ್ರುತಿಯಲ್ಲೇ ಆರಂಭವಾಗುತ್ತದೆ, ಹೆಂಗಸರ ಸಾಲು ಕೆಳಗಿನ ಸ್ವರಗಳಲ್ಲಿ ಸಿಕ್ಕಿಬಿದ್ದು ಗುನುಗುತ್ತದೆ. ಹಾಡು ಎತ್ತುವ ತಾಯಿ ಆಗ ಮಾಡುವುದು ಬಹಳ ಸರಳ: ಎರಡನೆಯ ಹಾಡನ್ನು ಪೆಟ್ಟಿಗೆಗಾಗಿ ಕಾಯದೆ ತನ್ನ ಎತ್ತರದಲ್ಲೇ ಎತ್ತಿಬಿಡುತ್ತಾಳೆ, ಹೆಂಗಸರೆಲ್ಲ ಹಿಂದೆ ಬರುತ್ತಾರೆ, ನುಡಿಸುವವನು ಒಂದು ಸಾಲು ಕಳೆಯುವವರೆಗೆ ಮನೆಗಳ ಮೇಲೆ ಬೆರಳಾಡಿಸಿ ಹುಡುಕಿ ಅವಳ ಶ್ರುತಿಗೆ ಬಂದು ಸೇರುತ್ತಾನೆ. ಪುಲ್ಪಿಟ್ಟಿನಲ್ಲಿ ನಿಂತು ಮಾತಾಡುವ ಅವಕಾಶ ಹಳ್ಳಿಯ ಸಭೆಗಳಲ್ಲಿ ಹೆಂಗಸಿಗೆ ವರ್ಷಕ್ಕೆ ಒಂದೆರಡು ಸಲ, ಮಹಿಳಾ ಸಂಘದ ಭಾನುವಾರದಂಥ ದಿನ, ಸಿಕ್ಕೀತು. ಆರಾಧನೆಯ ಶ್ರುತಿಯನ್ನು ಮಾತ್ರ ಅವಳು ಪ್ರತಿ ವಾರ ತೀರ್ಮಾನಿಸುತ್ತಾಳೆ. ಸ್ಮರಣೆಯ ಹಾಳೆಯಲ್ಲಿ ಬರಬೇಕಾದ ಅಧಿಕಾರದ ಮಾತು ಇದ್ದರೆ ಅದು ಇದು.

ಅವಳ ವಾರ ಭಾನುವಾರಕ್ಕೆ ಮುಗಿಯುವುದೂ ಇಲ್ಲ. ತೊಗರಿಯ ಕಳೆ, ಜೋಳದ ಕೊಯ್ಲು, ಕಬ್ಬಿನ ಹೊಲದ ಕೂಲಿ ಇವುಗಳ ನಡುವೆ ಶುಕ್ರವಾರದ ಉಪವಾಸ ಪ್ರಾರ್ಥನೆ, ಒಂದೊಂದು ಮನೆಯಲ್ಲಿ ಒಂದೊಂದು ಸಂಜೆಯ ಮನೆಕೂಟ, ಕ್ರಿಸ್‌ಮಸ್ಸಿನ ಮುಂಚಿನ ರಾತ್ರಿಗಳಲ್ಲಿ ಓಣಿ ಓಣಿ ತಿರುಗುವ ಹಾಡು, ಡಿಸೆಂಬರ್ 31ರ ನಡುರಾತ್ರಿಯವರೆಗೆ ಎಚ್ಚರಿರುವ ಆರಾಧನೆ ಸೇರುತ್ತವೆ. ಸಾವಾದ ಮನೆಯಲ್ಲಿ ಈ ಸೀಮೆಯ ಹಲವು ಜಾತಿಗಳವರು ಬೆಳತನಕ ಭಜನೆ ಮಾಡುತ್ತಾರೆ; ಕ್ರೈಸ್ತರ ಮನೆಯಲ್ಲಿಯೂ ಅಷ್ಟೇ, ದೂರದ ಮುಂಬೈ, ಪುಣೆಗಳಿಂದ ಮಗ ಬರುವವರೆಗೆ ಹೆಣದ ಸುತ್ತ ಹಾಡು ನಿಲ್ಲಬಾರದು. ಅಲ್ಲಿ ಬೇಕಾಗುವುದು ಇಂಪಾದ ಕಂಠವಲ್ಲ, ಮುಗಿಯದ ನೆನಪು: ಯಾವ ಹಾಡಿನ ನಂತರ ಯಾವುದು, ಅಳು ಏರಿದಾಗ ಯಾವುದನ್ನು ಹಾಡಬಾರದು, ನಸುಕಿನಲ್ಲಿ ಎಲ್ಲರಿಗೂ ತೂಕಡಿಕೆ ಬಂದಾಗ ಯಾವುದು ಎಬ್ಬಿಸುತ್ತದೆ ಎಂಬ ಲೆಕ್ಕ. ಈ ಲೆಕ್ಕವನ್ನು ಯಾವ ವಹಿಯಲ್ಲೂ ಬರೆದಿಲ್ಲ. ನವೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಮೆಥೋಡಿಸ್ಟರ ಜಾತ್ರೆ ನೆರೆಯುತ್ತದೆ. 1923ರಿಂದ ನಡೆದುಬಂದಿರುವ ಆ ಕೂಟಕ್ಕೆ ಈ ಕಡೆಯವರೂ ಹೋಗಿ ಮರದಡಿ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಂಡು ಹಲವು ದಿನ ಇರುತ್ತಾರೆ. ವಹಿಗಳಿಗೆ ಹೊಸ ಹಾಡು ಸೇರುವುದು ಹೆಚ್ಚಾಗಿ ಅಲ್ಲಿಯೇ, ಪಕ್ಕದ ಬಿಡಾರದ ತೆಲುಗು ಹೆಂಗಸಿನಿಂದ.

ಕಾಗದಪತ್ರಗಳಲ್ಲಿ ಅವಳು ಸಿಗುವುದು ಕಷ್ಟವಾಗುವುದಕ್ಕೆ ಇನ್ನೊಂದು ಕಾರಣವಿದೆ, ಅದು ಅವಳಿಗಿದ್ದ ಎರಡು ಹೆಸರುಗಳು. ಪಡಿತರ ಚೀಟಿಯಲ್ಲಿ ಶಾಂತಾಬಾಯಿ ಎಂದೋ ನಾಗಮ್ಮ ಎಂದೋ ಇರುವವಳು ಸಭೆಯ ದಾಖಲೆಯಲ್ಲಿ ರೂತಮ್ಮ, ಸಾರಮ್ಮ. ಪರಿಶಿಷ್ಟ ಜಾತಿಗಳನ್ನು ಗುರುತಿಸಿದ 1950ರ ರಾಷ್ಟ್ರಪತಿ ಆದೇಶ ಆ ಮಾನ್ಯತೆಯನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ; ಕೇರಿ ಅದೇ, ಬಾವಿಯ ಕಟ್ಟಳೆ ಅದೇ ಆಗಿದ್ದರೂ ಕಾಗದ ಬೇರೆಯಾಯಿತು. ಮಕ್ಕಳ ಓದು, ನೌಕರಿಗಳ ಚಿಂತೆಯಲ್ಲಿ ತಾಯಂದಿರು ಎರಡು ಹೆಸರನ್ನೂ ಹೊತ್ತು ಬದುಕಿದರು. ಸ್ಮರಣೆಯ ಹಾಳೆಯನ್ನು ಓದುವವರು ಯಾವ ಹೆಸರನ್ನು ಮೊದಲು ಓದಬೇಕೆಂದು ಮನೆಯವರನ್ನು ಮೆಲ್ಲಗೆ ಕೇಳುವುದೂ ಉಂಟು, ಮನೆಯವರು ಒಂದು ಗಳಿಗೆ ಮುಖ ನೋಡಿಕೊಳ್ಳುವುದೂ ಉಂಟು.

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮರುವರ್ಷ, 1949ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆಯಿತು, ಅದರ ಅಧ್ಯಕ್ಷರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದ್ದು ಕನ್ನಡದ ದೊಡ್ಡ ಕೆಲಸಗಳಲ್ಲಿ ಒಂದು. ಅವರಿಗಿಂತ ಮೊದಲೇ ಅದೇ ಮಿಷನ್ನಿನ ಕಿಟೆಲ್ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ'ಯಲ್ಲಿ (1862) ಕನ್ನಡದ ಛಂದಸ್ಸಿಗೆ ಒಗ್ಗಿಸಿದ್ದ. ಜನರ ಬಾಯಲ್ಲಿದ್ದ ತ್ರಿಪದಿಯನ್ನು ಹುಡುಕಿಕೊಂಡು ಕ್ರೈಸ್ತ ಪಾದ್ರಿಯೊಬ್ಬ ಹೊರಟ ನಾಡಿನಲ್ಲಿ, ಕ್ರೈಸ್ತ ಹೆಂಗಸರ ಬಾಯಲ್ಲಿದ್ದ ಹಾಡನ್ನು ಹುಡುಕಿಕೊಂಡು ಅದೇ ಹಟದಿಂದ ಯಾರೂ ಹೊರಡಲಿಲ್ಲವೆಂಬುದು ವಿಚಿತ್ರವಾದರೂ ಅರ್ಥವಾಗದ್ದೇನಲ್ಲ. ಸರ್ವಜ್ಞನಿಗೆ ಒಂದು ಅಂಕಿತವಿತ್ತು. ಈ ತಾಯಂದಿರು ಹಾಡಿದ್ದು ತಮ್ಮ ರಚನೆಯಲ್ಲ, ಎಲ್ಲಿಂದಲೋ ಬಂದದ್ದು, ಅದರಲ್ಲಿ ಚರಣವೊಂದನ್ನು ಬಿಟ್ಟು, ಇನ್ನೊಂದನ್ನು ಸೇರಿಸಿ, ಧಾಟಿ ಬದಲಿಸಿ, ತೆಲುಗಿನ ಪದವನ್ನು ಕನ್ನಡಕ್ಕೆ ತಿರುಗಿಸಿ ತಮ್ಮದಾಗಿಸಿಕೊಂಡದ್ದು. ಜಾನಪದದವರಿಗೆ ಅದು ತೀರ ಚರ್ಚಿನದಾಗಿ ಕಂಡಿತು, ಚರ್ಚಿನವರಿಗೆ ಅಚ್ಚಿನ ಪುಸ್ತಕದ ತಪ್ಪು ಪಾಠವಾಗಿ ಕಂಡಿತು. ಎರಡೂ ಕಡೆಯವರು ಸಭ್ಯವಾಗಿಯೇ ಪಕ್ಕಕ್ಕೆ ಸರಿದರು.

ಈಚೆಗೆ ಪಟ್ಟಣದ ಸಭೆಗಳಲ್ಲಿ ಕೀಬೋರ್ಡು, ಡ್ರಮ್ ಪ್ಯಾಡು ಬಂದಿವೆ, ಗೋಡೆಯ ಮೇಲೆ ಹಾಡಿನ ಸಾಲುಗಳನ್ನು ಬೆಳಕಿನಲ್ಲಿ ಮೂಡಿಸುತ್ತಾರೆ, ಹಾಡುಗಳು ಯೂಟ್ಯೂಬಿನಿಂದ ನೇರವಾಗಿ ಇಳಿಯುತ್ತವೆ. ಗೋಡೆಯ ಮೇಲಿನ ಸಾಲಿನಲ್ಲಿ ಚರಣ ಬಿಡುವ, ಸೇರಿಸುವ ಸಲುಗೆ ಇಲ್ಲದ್ದರಿಂದ ಹಳೆಯ ತಾಯಂದಿರು ಅಲ್ಲಿ ಚಪ್ಪಾಳೆಯಷ್ಟೇ ತಟ್ಟುತ್ತಾರೆ. ಅವ್ವನ ಹಾಡು ಬೇಕೆನ್ನುವ ಮಕ್ಕಳ ಮೊಬೈಲಿನಲ್ಲಿ ಹಿನ್ನೆಲೆಯ ಕುಕ್ಕರಿನ ಸೀಟಿಯೊಂದಿಗೆ ಹಿಡಿದಿಟ್ಟ ಒಂದೆರಡು ಹಾಡು ಇರುತ್ತವೆ, ಉಳಿದದ್ದಕ್ಕೆ ವಹಿಯೇ ಗತಿ. ವಹಿಯಲ್ಲಿ ಮಾತಿದೆ, ಧಾಟಿಯಿಲ್ಲ. ಆದ್ದರಿಂದ ವರ್ಷದ ಸ್ಮರಣೆಗೆ ಸೇರಿದ ಮನೆಯಲ್ಲಿ ಹಾಡು ಎತ್ತುವ ಮೊದಲು ಒಂದು ವಾದ ಎದ್ದೇ ಏಳುತ್ತದೆ. ತವರಿಗೆ ಬಂದ ಮಗಳು ಎರಡನೆಯ ಚರಣವನ್ನು ಅವ್ವ ಕೆಳಗಿಂದ ಮೇಲಕ್ಕೆ ಒಯ್ಯುತ್ತಿದ್ದಳೆಂದು ಸಾಧಿಸುತ್ತಾಳೆ. ಇಪ್ಪತ್ತು ವರ್ಷ ಜೊತೆಗೇ ಕೂತು ಹಾಡಿದ ಸೊಸೆ 'ಇಲ್ಲ ಅಕ್ಕ, ಅತ್ತಿ ಅಲ್ಲಿ ಇಳಸ್ತಿದ್ರು, ಏರಸ್ತಿದ್ದದ್ದು ಕಡೀ ಚರಣಕ್ಕ' ಎನ್ನುತ್ತಾಳೆ. ಒಬ್ಬಳು ಕೇಳಿದ್ದು ಅವ್ವನ ಮೂವತ್ತರ ಕಂಠ, ಇನ್ನೊಬ್ಬಳು ಕೇಳಿದ್ದು ಅರವತ್ತರದು, ಎರಡೂ ನಿಜವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಹಾರ್ಮೋನಿಯಂ ಮುಂದೆ ಕೂತವನು ಇಬ್ಬರ ಮಾತಿಗೂ ತಲೆಯಾಡಿಸಿ ಕರಿ ಒಂದರಲ್ಲಿ ತನಗೆ ಬಂದ ಧಾಟಿಯನ್ನೇ ಆರಂಭಿಸುತ್ತಾನೆ, ನಾದಿನಿ ಅತ್ತಿಗೆ ಇಬ್ಬರೂ ಒಟ್ಟಿಗೇ ಅವನನ್ನು ತಡೆಯುತ್ತಾರೆ.